ಚಳಿಗಾಲದ ರಜೆಗೆ ಊರಿಗೆ ಹೋದಾಗ ಫೋಟೋ ತೆಗೆಯುವುದು ಹೇಗೆ: ಮಂಜು, ಒಲೆ, ಮನೆಯವರು

ಡಿಸೆಂಬರ್ ಕೊನೆಯ ವಾರ ಸಾಗರ, ತೀರ್ಥಹಳ್ಳಿ, ಶೃಂಗೇರಿ ಕಡೆಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ತೋಟದಲ್ಲಿ ಅಡಿಕೆ ಕೊಯ್ಲು, ಮನೆ ತುಂಬ ಜನ. ನಮ್ಮ ಮನೆ ಇರುವುದು ಸಾಗರದ ಹತ್ತಿರ. ಈ ಹದಿನೈದು ದಿನದಲ್ಲಿ ತೆಗೆಯುವಷ್ಟು ಫೋಟೋ ನಾನು ಉಳಿದ ಇಡೀ ವರ್ಷ ತೆಗೆಯುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿ ಮಲೆನಾಡಿನದು. ಮೊಬೈಲ್ ಇದ್ದವರಿಗೂ ಆಗುತ್ತದೆ, ಕ್ಯಾಮೆರಾ ಇದ್ದವರಿಗೂ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಂಜಿನ ಫೋಟೋ ಬೇರೆ, ಮನೆಯವರ ಫೋಟೋ ಬೇರೆ ಅಂತ ಇಟ್ಟುಕೊಳ್ಳಬೇಡಿ. ಒಳ್ಳೆಯ ಬೆಳಕು ಬರುವ ಹೊತ್ತಿಗೇ ಮನೆಯವರು ಎಲ್ಲೋ ಒಂದು ಕಡೆ ಕೆಲಸ ಮಾಡುತ್ತಿರುತ್ತಾರೆ. ಅಲ್ಲಿಗೆ ಹೋಗಿ ನಿಂತರೆ ಎರಡೂ ಒಟ್ಟಿಗೆ ಸಿಗುತ್ತವೆ.

1. ಹೊರಡುವ ಮೊದಲು ಹೋದ ವರ್ಷದ ಫೋಟೋ ತೆಗೆದು ನೋಡಿ

ಮೂರು ವರ್ಷದ ಹಿಂದೆ ಒಂದು ಸಂಜೆ ಸುಮ್ನೆ ಕೂತು ಹಿಂದಿನ ರಜೆಯ ಫೋಟೋ ಎಣಿಸಿದೆ. ಆರುನೂರಕ್ಕೂ ಜಾಸ್ತಿ ಇತ್ತು. ಮಂಜಿನದೇ ಇನ್ನೂರು. ನಾಯಿಯದು ನಲವತ್ತು. ಅಮ್ಮನದು ನಾಲ್ಕು. ಒಂದರಲ್ಲಿ ಬೆನ್ನು ಕಾಣುತ್ತದೆ, ಇನ್ನೊಂದರಲ್ಲಿ ಅರ್ಧ ಮುಖ ಬಾಗಿಲ ಹಿಂದೆ, ಉಳಿದೆರಡು ಗುಂಪಿನ ಫೋಟೋ. ನಾವೆಲ್ಲ ಜಗುಲಿಯಲ್ಲಿ ಹರಟುವಾಗ ಅಮ್ಮ ಒಳಗೆ ಒಲೆ ಮುಂದೆ ಇರುತ್ತಾಳೆ. ಕ್ಯಾಮೆರಾ ಜಗುಲಿ ಬಿಟ್ಟು ಒಳಗೆ ಹೋಗಿರಲೇ ಇಲ್ಲ. ಆ ದಿನದಿಂದ ನನ್ನ ತಯಾರಿ ಶುರುವಾಗುವುದು ಕ್ಯಾಮೆರಾದಿಂದಲ್ಲ, ಒಂದು ಚೀಟಿಯಿಂದ.

ನೀವೂ ಹಾಗೇ ಮಾಡಿ. ಮನೆಯಲ್ಲಿ ಇರುವವರು, ಬರುವವರು ಎಲ್ಲರ ಹೆಸರು ಬರೆಯಿರಿ. ಪಕ್ಕದಲ್ಲಿ ಅವರು ದಿನಾ ಮಾಡುವ ಒಂದು ಕೆಲಸ, ಅದನ್ನು ಮಾಡುವ ಹೊತ್ತು ಬರೆಯಿರಿ. ನನ್ನ ಚೀಟಿ ಹೀಗಿರುತ್ತದೆ: ಅಮ್ಮ, ದೋಸೆ ಎರೆಯುವುದು, ಬೆಳಿಗ್ಗೆ ಎಂಟು. ಅಪ್ಪಯ್ಯ, ಚಪ್ಪರದ ಮೇಲೆ ಅಡಿಕೆ ಹರಡುವುದು, ಒಂಬತ್ತೂವರೆ. ದೊಡ್ಡಮ್ಮ, ಅಡಿಕೆ ಸುಲಿಯುವುದು, ರಾತ್ರಿ. ಕೊನೆಯಲ್ಲಿ ನಿಮ್ಮ ಹೆಸರನ್ನೂ ಸೇರಿಸಿ. ಫೋಟೋ ತೆಗೆಯುವವರು ಯಾವ ಫೋಟೋದಲ್ಲೂ ಇರುವುದಿಲ್ಲ, ಅಲ್ವಾ?

2. ಚೀಲದಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ಮೊಬೈಲ್ ಒಂದೇ ಇದ್ದರೂ ಸಾಕು. ಕ್ಯಾಮೆರಾ ಇದ್ದರೆ 35 ಅಥವಾ 50 ಮಿ.ಮೀ. ಲೆನ್ಸ್ ತಗೊಳ್ಳಿ, ಎಫ್ 1.8 ತನಕ ತೆರೆಯುವಂಥದ್ದು (ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬೆಳಕು ಜಾಸ್ತಿ). ನಮ್ಮ ಅಡುಗೆಮನೆಗಳ ಕತ್ತಲೆಗೆ ಅದೇ ಬೇಕು. ದೂರದ ಗುಡ್ಡದ ಸಾಲುಗಳಿಗೆ 200 ಮಿ.ಮೀ. ತನಕ ಹೋಗುವ ಜೂಮ್ ಇದ್ದರೆ ಒಳ್ಳೆಯದು.

ಟ್ರೈಪಾಡ್ ಹೊರುವ ಬದಲು ಒಂದು ಗಟ್ಟಿ ಬಟ್ಟೆ ಚೀಲ ಇಟ್ಟುಕೊಳ್ಳಿ. ಊರಿಗೆ ಹೋದಮೇಲೆ ಅದಕ್ಕೆ ಎರಡು ಕಿಲೋ ಅಕ್ಕಿ ತುಂಬಿ ಬಾಯಿ ಕಟ್ಟಿ. ಬೇಲಿ ಕಂಬ, ಬಾವಿಕಟ್ಟೆ, ಜಗುಲಿ, ಎಲ್ಲಿ ಬೇಕಾದರೂ ಕೂರುತ್ತದೆ. ಮೊಬೈಲನ್ನು ಅದರ ಮೇಲೆ ಒತ್ತಿ ಇಟ್ಟರೆ ಅಲುಗಾಡುವುದಿಲ್ಲ.

ಒರೆಸಲು ಹಳೇ ಹತ್ತಿ ಪಂಚೆಯ ತುಂಡು, ಗಾಳಿಯಾಡದ ಎರಡು ಜಿಪ್ ಕವರ್, ಒಂದು ಪವರ್ ಬ್ಯಾಂಕ್ ಇರಲಿ. ಕಾಶ್ಮೀರದ ಚಳಿಯಲ್ಲಿ ಬ್ಯಾಟರಿ ಬೇಗ ಸಾಯುತ್ತದೆ. ನಮ್ಮ ಚಳಿಗೆ ಅಷ್ಟು ತೊಂದರೆ ಇಲ್ಲ. ನಮಗೆ ತೊಂದರೆ ಕೊಡುವುದು ಕರೆಂಟು ಹೋಗುವುದು, ಮತ್ತೆ ತೇವ.

3. ಮಂಜು ಬೀಳುವ ದಿನವನ್ನು ಹಿಂದಿನ ರಾತ್ರಿಯೇ ಗುರುತಿಸಿ

ರಾತ್ರಿ ಊಟವಾದ ಮೇಲೆ ಅಂಗಳಕ್ಕೆ ಬಂದು ಮೇಲೆ ನೋಡಿ. ನಕ್ಷತ್ರ ಚೆನ್ನಾಗಿ ಕಾಣುತ್ತಿದ್ದು ಗಾಳಿ ಇಲ್ಲದಿದ್ದರೆ ಬೆಳಿಗ್ಗೆ ಗದ್ದೆಯಲ್ಲಿ ಮಂಜು ಕೂತಿರುವ ಸಾಧ್ಯತೆ ಹೆಚ್ಚು. ಮೋಡ ಇಲ್ಲದ ರಾತ್ರಿ ನೆಲದ ಬಿಸಿ ಮೇಲೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಅದಕ್ಕೇ ಗುಡ್ಡದ ಮೇಲಿನ ಮನೆಗಿಂತ ಕೆಳಗಿನ ಗದ್ದೆಬಯಲು, ಕೆರೆ, ಹೊಳೆ ಅಂಚಿನಲ್ಲಿ ಮಂಜು ದಟ್ಟ.

ಹೊಸ ವರ್ಷದ ಹೊತ್ತಿಗೆ ನಮ್ಮ ಕಡೆ ಸೂರ್ಯ ಹುಟ್ಟುವುದು 6:55ರ ಸುಮಾರಿಗೆ. ನೀವು 6:30ಕ್ಕೆ ಜಾಗದಲ್ಲಿ ಇರಬೇಕು. ಸೂರ್ಯ ಹುಟ್ಟುವ ಮೊದಲು ಎಲ್ಲ ನೀಲಿ. ಹುಟ್ಟಿ ಹತ್ತು ನಿಮಿಷಕ್ಕೆ ಮಂಜಿನ ಮೇಲ್ಭಾಗ ಹಳದಿಯಾಗುತ್ತದೆ. ಎಂಟೂಕಾಲರ ಹೊತ್ತಿಗೆ ಹೆಚ್ಚಿನ ದಿನ ಮುಗಿದೇ ಹೋಗಿರುತ್ತದೆ.

ಈಗ ತೆಗೆಯುವ ಕ್ರಮ.

ಮೊದಲು ಬೆಳಕು ಸರಿಮಾಡಿ. ಬಿಳಿ ಜಾಸ್ತಿ ಕಂಡರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ಎಳೆಯುತ್ತದೆ. ಮಂಜು ಕೊಳೆ ನೀರಿನ ಹಾಗೆ ಕಾಣುತ್ತದೆ. ಕ್ಯಾಮೆರಾದಲ್ಲಿ ಎಕ್ಸ್‌ಪೋಶರನ್ನು, ಅಂದರೆ ಫೋಟೋಗೆ ಬೀಳುವ ಬೆಳಕಿನ ಅಳತೆಯನ್ನು, +0.7 ಅಥವಾ +1ಕ್ಕೆ ಏರಿಸಿ. ಮೊಬೈಲಿನಲ್ಲಿ ಒಂದು ಮರದ ಕಾಂಡದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಎಳೆಯಿರಿ. ಬರೀ ಮಂಜಿನ ಮೇಲೆ ಒತ್ತಿದರೆ ಫೋಕಸ್ ಹುಡುಕಾಡುತ್ತಲೇ ಇರುತ್ತದೆ, ಗಟ್ಟಿ ಅಂಚಿರುವ ವಸ್ತು ಬೇಕು.

ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕ ಹಾಗೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ. ಬಿಸಿಲಿನ ಗುರುತಿಗೆ ಇಡಿ. ಆಟೋ ಆದರೆ ಮುಂಜಾನೆಯ ನೀಲಿಯನ್ನೂ ಆಮೇಲಿನ ಹಳದಿಯನ್ನೂ ತೊಳೆದುಹಾಕುತ್ತದೆ. ಆ ಬಣ್ಣಕ್ಕೆ ಅಂತಲೇ ಅಲ್ವಾ ಚಳಿಯಲ್ಲಿ ಎದ್ದು ಬಂದಿದ್ದು?

ಆಮೇಲೆ ಹತ್ತಿರ ಒಂದು, ನಡುವೆ ಒಂದು, ದೂರ ಒಂದು ಹೀಗೆ ಮೂರು ಸಾಲು ಹುಡುಕಿ. ಹತ್ತಿರ ಬೇಲಿ, ನಡುವೆ ಹುಲ್ಲಿನ ಬಣವೆ, ದೂರ ಅಡಿಕೆ ತೋಟದ ತಲೆ. ದೂರ ಹೋದಷ್ಟೂ ಬಣ್ಣ ತೆಳುವಾಗುತ್ತದೆ, ಅದರಿಂದಲೇ ಮಂಜಿಗೆ ಆಳ ಬರುತ್ತದೆ. ವೈಡ್ ಲೆನ್ಸ್‌ಗಿಂತ ಮೊಬೈಲಿನ 2ಎಕ್ಸ್ ಅಥವಾ 3ಎಕ್ಸ್ ಇಲ್ಲಿ ವಾಸಿ.

ಕೊನೆಗೆ ಆ ಚೌಕಟ್ಟಿನೊಳಗೆ ಯಾರಾದರೂ ಬರುವ ತನಕ ಕಾಯಿರಿ. ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋಗುವ ಚಿಕ್ಕಪ್ಪ, ದನ ಹೊಡೆದುಕೊಂಡು ಹೋಗುವವರು, ಕಂಬಳಿ ಹೊದ್ದ ಅಜ್ಜ. ಚೌಕಟ್ಟು ಮೊದಲು ಮಾಡಿಟ್ಟುಕೊಳ್ಳಿ, ಜನ ಆಮೇಲೆ ಬರಲಿ. ನಾನು ಬರೀ ಮಂಜಿನ ಫೋಟೋ ತೆಗೆಯುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೇನೆ. ನಾಲ್ಕು ವರ್ಷ ಆದಮೇಲೆ ಅವೆಲ್ಲ ಒಂದೇ ತರ ಕಾಣುತ್ತವೆ.

ವಾಪಸ್ ಬರುವಾಗ ಕೊಯ್ದ ಗದ್ದೆಯ ಕೂಳೆ ನೋಡುತ್ತ ಬನ್ನಿ. ಇಬ್ಬನಿ ಹೊತ್ತ ಜೇಡರ ಬಲೆ ನೂರಾರು ಇರುತ್ತವೆ. ಮಕ್ಕಳನ್ನು ಕರೆತಂದಿದ್ದರೆ ಅವರೇ ಹುಡುಕಿ ಕೊಡುತ್ತಾರೆ. ಬಗ್ಗಿ ಬಲೆ ನೋಡುವ ಮಗುವಿನ ಫೋಟೋ ತೆಗೆಯಿರಿ.

ಇದಕ್ಕೆಲ್ಲ ಕೊಡಚಾದ್ರಿಗೆ, ಕುಂದಾದ್ರಿಗೆ ಹೋಗಬೇಕೇ ಅಂತ ಕೇಳುತ್ತಾರೆ. ಹೋದರೆ ಸಂತೋಷ. ಆಗುಂಬೆಯ ಸೂರ್ಯಾಸ್ತಕ್ಕೂ ಹೊನ್ನೆಮರಡಿನ ಶರಾವತಿ ಹಿನ್ನೀರಿಗೂ ಇದು ಒಳ್ಳೆಯ ಕಾಲ. ಆದರೆ ರಜೆ ಇರುವುದು ಕೆಲವೇ ದಿನ. ಮನೆಯಿಂದ ಅರ್ಧ ಕಿಲೋಮೀಟರ್ ಒಳಗೆ ಸಿಗುವ ಫೋಟೋ ನಿಮಗೆ ಬಿಟ್ಟು ಇನ್ನಾರಿಗೂ ಸಿಗುವುದಿಲ್ಲ.

4. ತೋಟದ ಒಳಗೆ: ಬಿಸಿಲುಕೋಲು ಮತ್ತು ಕೊಯ್ಲು

ಎಂಟರಿಂದ ಒಂಬತ್ತರ ನಡುವೆ ಅಡಿಕೆ ಮರಗಳ ಸಂದಿಯಿಂದ ಬಿಸಿಲುಕೋಲು ಇಳಿಯುತ್ತದೆ. ಇದಕ್ಕೆ ಸೂರ್ಯನ ಕಡೆಗೇ ಮುಖ ಮಾಡಿ ನಿಲ್ಲಬೇಕು. ನೇರ ಸೂರ್ಯ ಲೆನ್ಸಿಗೆ ಬಿದ್ದರೆ ಎಲ್ಲ ಬೆಳ್ಳಗಾಗುತ್ತದೆ. ಒಂದು ಮರದ ನೆರಳು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ನಿಂತುಕೊಳ್ಳಿ. ಸೂರ್ಯ ಆ ಕಾಂಡದ ಹಿಂದೆ ಅಡಗುತ್ತಾನೆ, ಕೋಲುಗಳು ಎರಡೂ ಕಡೆ ಕಾಣುತ್ತವೆ. ಎಲ್ಲೋ ತರಗೆಲೆ ಸುಡುತ್ತಿದ್ದರೆ ಆ ಹೊಗೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತವೆ.

ಕೊಯ್ಲು ನಡೆಯುತ್ತಿದ್ದರೆ ಮೊದಲು ಕೊನೆಗೌಡರ, ಅಂದರೆ ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಇಳಿಸುವವರ, ಹತ್ತಿರ ಕೇಳಿ, ಅವರು ಮರ ಹತ್ತುವ ಮೊದಲೇ. ಹತ್ತಿದ ಮೇಲೆ ಕೂಗಿ ಮಾತಾಡಿಸಬೇಡಿ. ಅವರ ಜೀವ ಅವರ ಗಮನದ ಮೇಲಿದೆ. ಕೊನೆ ಬೀಳುವ ಜಾಗದಿಂದ ದೂರ ಇರಿ. ಈಗ ಬಹಳ ಕಡೆ ಕಾರ್ಬನ್ ಫೈಬರ್ ದೋಟಿ (ಉದ್ದದ ಕೊಯ್ಯುವ ಕೋಲು) ಬಂದಿದೆ, ನೆಲದಿಂದಲೇ ಕೊಯ್ಯುತ್ತಾರೆ. ಆದರೆ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುವವರು ನಿಮ್ಮ ತೋಟಕ್ಕೆ ಇನ್ನೂ ಬರುತ್ತಿದ್ದರೆ ಆ ಫೋಟೋ ಈ ವರ್ಷವೇ ತೆಗೆದಿಡಿ. ಶಟರ್ ವೇಗ ಸೆಕೆಂಡಿನ 1/1000 ಬೇಕು. ಆಕಾಶ ಬೆಳ್ಳಗಿರುವುದರಿಂದ ಮನುಷ್ಯ ಕಪ್ಪಾಗುತ್ತಾನೆ. ಮುಖ ಕಾಣಬೇಕು ಅಂದರೆ +1 ಏರಿಸಿ, ಆಕಾಶ ಹೋದರೆ ಹೋಗಲಿ.

ನೆಲದಲ್ಲಿ ಹಗ್ಗ ಹಿಡಿದು ಮೇಲಿಂದ ಜಾರಿ ಬರುವ ಕೊನೆಯನ್ನು ತಗೊಳ್ಳುವವರನ್ನು ಯಾರೂ ತೆಗೆಯುವುದಿಲ್ಲ. ಕತ್ತು ಮೇಲೆತ್ತಿದ ಅವರ ಮುಖದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ಅವರ ಫೋಟೋ ತೆಗೆದರೆ ಒಂದು ಪ್ರಿಂಟ್ ಅವರಿಗೂ ತಲುಪಿಸಿ.

ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಕೆಲವೊಮ್ಮೆ ನಮ್ಮಲ್ಲೂ ಮೋಡ ಕವಿದು ಹನಿ ಬೀಳುತ್ತದೆ. ಆ ದಿನ ಕ್ಯಾಮೆರಾ ಒಳಗಿಡಿ. ಅಂಗಳದ ಅಡಿಕೆ ಹೊತ್ತು ಒಳಗೆ ಹಾಕಲು ಕೈ ಬೇಕಾಗಿರುತ್ತದೆ.

5. ಅಡುಗೆಮನೆ: ಗಾಜಿನ ಹಂಚಿನ ಬೆಳಕು

ನನ್ನ ಪ್ರಕಾರ ಇಡೀ ರಜೆಯ ಅತಿ ಒಳ್ಳೆಯ ಫೋಟೋ ಸಿಗುವ ಜಾಗ ಇದು. ಹಂಚಿನ ಮನೆಯ ಅಡುಗೆಮನೆ ಮಾಡಿನಲ್ಲಿ (ಚಾವಣಿಯಲ್ಲಿ) ಒಂದೆರಡು ಗಾಜಿನ ಹಂಚು ಇರುತ್ತದೆ. ಅದರಿಂದ ಇಳಿಯುವ ಬಿಸಿಲು ಹೊಗೆಯಲ್ಲಿ ಕಂಬದ ಹಾಗೆ ನಿಲ್ಲುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ನಡು ಮಧ್ಯಾಹ್ನ ಕೂಡ ನಮ್ಮಲ್ಲಿ ಸೂರ್ಯ 52 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಹಾಗಾಗಿ ಬೇಸಿಗೆಯಲ್ಲಿ ನೆಲಕ್ಕೆ ಬೀಳುವ ಬೆಳಕು ಈಗ ಓರೆಯಾಗಿ ಗೋಡೆ ಕಡೆಗೆ ಸರಿಯುತ್ತದೆ, ಒಮ್ಮೊಮ್ಮೆ ಒಲೆಕಟ್ಟೆಗೇ ಬೀಳುತ್ತದೆ.

ಮೊದಲ ದಿನ ಫೋಟೋ ತೆಗೆಯಬೇಡಿ. ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯಿರಿ. ಬೆಳಕು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ನೋಡಿ. ನಮ್ಮ ಮನೆಯಲ್ಲಿ ಅದು ಒಂಬತ್ತಕ್ಕೆ ಗೋಡೆಯ ಸೌಟುಗಳ ಸಾಲಿನ ಮೇಲೆ ಇರುತ್ತದೆ. ಹತ್ತೂಕಾಲಿಗೆ ಒಲೆಕಟ್ಟೆ ಮುಟ್ಟುತ್ತದೆ. ಹತ್ತೂಮುಕ್ಕಾಲಿಗೆ ದಾಟಿ ಹೋಗಿರುತ್ತದೆ. ಅರ್ಧ ಗಂಟೆ ಅಷ್ಟೇ. ಮಾರನೇ ದಿನ ಆ ಹೊತ್ತಿಗೆ ಅಲ್ಲಿರಿ.

ಆಮೇಲೆ ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬ್ ಎಲ್ಲ ಆರಿಸಿ. ಬಿಳಿ ಬಲ್ಬು, ಬೆಂಕಿಯ ಕೆಂಪು, ಬಿಸಿಲು ಮೂರೂ ಸೇರಿದರೆ ಮುಖದ ಬಣ್ಣ ಕೆಡುತ್ತದೆ. ಆರಿಸಲು ಆಗದಿದ್ದರೆ ಶಟರನ್ನು 1/50 ಅಥವಾ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಬೇರೆ ವೇಗದಲ್ಲಿ ಫೋಟೋದ ಅಡ್ಡಕ್ಕೆ ಪಟ್ಟಿ ಮೂಡಬಹುದು.

ಫ್ಲ್ಯಾಶ್ ಬೇಡವೇ ಬೇಡ. ಹೊಗೆಗೆ ಬಡಿದು ಬಿಳಿ ಪರದೆ ಎಳೆದ ಹಾಗೆ ಆಗುತ್ತದೆ. ಕ್ಯಾಮೆರಾದಲ್ಲಿ ಎಫ್ 2, ಶಟರ್ 1/125, ಐಎಸ್‌ಒ (ಬೆಳಕನ್ನು ಹಿಡಿಯುವ ಸೂಕ್ಷ್ಮತೆ) 1600ರಿಂದ 3200. ಫೋಟೋ ಸ್ವಲ್ಪ ಕಾಳು ಕಾಳಾಗಿ ಕಂಡರೆ ಚಿಂತೆಯಿಲ್ಲ, ಅಲುಗಿದರೆ ಸರಿಮಾಡಲು ಆಗುವುದಿಲ್ಲ. ಮೊಬೈಲಿನಲ್ಲಿ ಬೆಳಕು ಬಿದ್ದ ಕೈ ಅಥವಾ ಕೆನ್ನೆಯ ಮೇಲೆ ಒತ್ತಿ ಲಾಕ್ ಮಾಡಿ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಹಿಂದಿನ ಮಸಿ ಹಿಡಿದ ಗೋಡೆ ಕಪ್ಪಾಗಲಿ. ಪೋರ್ಟ್ರೇಟ್ ಮೋಡ್ ಹಾಕಬೇಡಿ, ಹೊಗೆ, ಆವಿ ಇರುವಲ್ಲಿ ಅದು ಕೂದಲಿನ ಅಂಚನ್ನೇ ತಿಂದುಬಿಡುತ್ತದೆ.

ಇಷ್ಟೆಲ್ಲ ಮಾಡಿ ಕ್ಯಾಮೆರಾ ಎತ್ತಿದಾಗ ಅಮ್ಮ ಕೈ ಒರೆಸಿಕೊಂಡು ನೆಟ್ಟಗೆ ನಿಂತುಬಿಟ್ಟಳು. "ಈ ಹೊಗೆಯಲ್ಲಿ ಎಂಥ ಫೋಟೋ ಮಾರಾಯ, ಸೀರೆನೂ ಸರಿಯಿಲ್ಲ" ಅಂದಳು. ನಾನು ಕ್ಯಾಮೆರಾ ತೊಡೆಯ ಮೇಲಿಟ್ಟು, "ಇನ್ನೊಂದು ದೋಸೆ ಹಾಕು, ಹಸಿವು" ಅಂದೆ. ನಿಜವಾಗಲೂ ಹಸಿವಾಗಿತ್ತು. ತಿನ್ನುತ್ತಾ ಮಾತಾಡಿದೆವು. ನಾಲ್ಕನೇ ದೋಸೆಗೆ ನಾನು ಅಲ್ಲಿರುವುದೇ ಅವಳಿಗೆ ಮರೆತಿತ್ತು. ಬಗ್ಗಿ ಊದುಕೊಳವೆ ಊದಿದಳು. ಬೂದಿ ಎದ್ದು ಬೆಳಕಿನ ಕಂಬದೊಳಗೆ ಹೋಯಿತು. ಕೆನ್ನೆ ಉಬ್ಬಿತ್ತು, ಕಣ್ಣು ಸಣ್ಣಗಾಗಿತ್ತು, ಬಳೆಯ ಮೇಲೆ ಬಿಸಿಲು ಬಿದ್ದಿತ್ತು. ಆ ಫೋಟೋ ಈಗ ನಮ್ಮ ಜಗುಲಿಯಲ್ಲಿದೆ.

ಅಂದರೆ ಕ್ರಮ ಇದು: ಕೂರಿ, ಮಾತಾಡಿ, ಅವರ ಕೈ ಕೆಲಸಕ್ಕೆ ವಾಪಸ್ ಹೋಗುವ ತನಕ ಕಾಯಿರಿ. "ಇಲ್ಲಿ ನೋಡಿ, ನಗಿ" ಅನ್ನಬೇಡಿ. ತೆಗೆದ ಮೇಲೆ ಅವರಿಗೆ ತೋರಿಸಿ. ಬೇಡ ಅಂದರೆ ಅವರ ಎದುರೇ ಅಳಿಸಿ. ಕೇಳದೆ ಸ್ಟೇಟಸ್‌ಗೆ ಹಾಕಬೇಡಿ.

6. ಮಧ್ಯಾಹ್ನ

ಹನ್ನೊಂದರಿಂದ ಮೂರೂವರೆ ತನಕ ಹೊರಗಿನ ಬೆಳಕು ಅಷ್ಟಕ್ಕಷ್ಟೇ. ಊಟ ಮಾಡಿ, ಮಲಗಿ, ಬ್ಯಾಟರಿ ಚಾರ್ಜಿಗೆ ಹಾಕಿ. ಚಪ್ಪರದ ಮೇಲೆ ಒಣಗುವ ಅಡಿಕೆಯ ಕೆಂಪನ್ನು ಬೇಕಾದರೆ ಈಗ ತೆಗೆಯಬಹುದು.

7. ಆಲೆಮನೆಗೆ ಹೋಗುವುದಾದರೆ

ಜನವರಿ ಹೊತ್ತಿಗೆ ಆಲೆಮನೆ ಶುರುವಾಗುತ್ತದೆ. ಸಂಜೆ ಕಬ್ಬಿನ ಹಾಲು ಕುಡಿಯಲು ಇಡೀ ಮನೆಯೇ ಹೊರಡುತ್ತದೆ. ಕೊಪ್ಪರಿಗೆಯಲ್ಲಿ ಹಾಲು ಕುದಿದು ನೊರೆ ಏಳುವಾಗ ಆವಿ ದಟ್ಟವಾಗಿ ಮೇಲೇರುತ್ತದೆ. ಆವಿಯ ಹಿಂದೆ ದೀಪ ಅಥವಾ ಇಳಿಬಿಸಿಲು ಇರುವ ಹಾಗೆ ನಿಲ್ಲಿ. ಬೆಳಕು ನಿಮ್ಮ ಬೆನ್ನಿಗಿದ್ದರೆ ಆವಿ ಕಾಣುವುದೇ ಇಲ್ಲ.

ಇಲ್ಲಿ ನನಗೊಮ್ಮೆ ಪೆಟ್ಟು ಬಿದ್ದಿದೆ. ಹೊರಗಿನ ಚಳಿಯಿಂದ ನೇರ ಒಳಗೆ ಹೋಗಿ ಕೊಪ್ಪರಿಗೆ ಪಕ್ಕ ನಿಂತೆ. ಲೆನ್ಸ್ ಪೂರ್ತಿ ಬೆಳ್ಳಗಾಯಿತು. ಅಂಗಿಯಿಂದ ಒರೆಸಿದೆ, ಮತ್ತೆ ಕಟ್ಟಿತು, ಮತ್ತೆ ಒರೆಸಿದೆ. ಅದು ತಿಳಿಯಾಗುವ ಹೊತ್ತಿಗೆ ಕೊಪ್ಪರಿಗೆ ಇಳಿಸಿ ಆಗಿತ್ತು. ತಣ್ಣಗಿನ ಗಾಜಿಗೆ ಬಿಸಿ ಆವಿ ತಾಗಿದರೆ ಹನಿ ಕಟ್ಟಲೇಬೇಕು, ಒರೆಸಿದರೆ ಹೋಗುವುದಿಲ್ಲ. ಒಳಗೆ ಹೋಗುವ ಮೊದಲು ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಒಳಗೆ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಹನಿ ಕವರಿನ ಹೊರಗೆ ಕಟ್ಟುತ್ತದೆ. ಅಷ್ಟರಲ್ಲಿ ಒಂದು ಲೋಟ ಕಬ್ಬಿನ ಹಾಲು ಕುಡಿಯಿರಿ. ಬೆಳಿಗ್ಗೆ ಗದ್ದೆಯಿಂದ ಬಂದು ಬಚ್ಚಲುಮನೆಯ ಹಂಡೆ ಒಲೆ ಮುಂದೆ ಚಳಿ ಕಾಯಿಸುವವರ ಫೋಟೋ ತೆಗೆಯುವಾಗಲೂ ಇದೇ ಉಪಾಯ.

ಮಕ್ಕಳ ಕೈಗೆ ಮೊಬೈಲ್ ಕೊಡುವುದಾದರೆ ಕೊಪ್ಪರಿಗೆಯಿಂದ ದೂರ. ಕುದಿಯುವ ಪಾಕ ನೀರಿಗಿಂತ ಹೆಚ್ಚು ಸುಡುತ್ತದೆ.

8. ಎಲ್ಲರೂ ಇರುವ ಒಂದು ಫೋಟೋ

ಇದನ್ನು ಹೊರಡುವ ದಿನಕ್ಕೆ ಇಡಬೇಡಿ. ಆ ದಿನ ಒಬ್ಬರು ಸ್ನಾನಕ್ಕೆ, ಒಬ್ಬರು ಉಪ್ಪಿನಕಾಯಿ ಕಟ್ಟಲು, ಒಬ್ಬರು ಬಸ್ಸಿಗೆ. ಎರಡನೇ ಅಥವಾ ಮೂರನೇ ದಿನ, ಸಂಜೆ ನಾಲ್ಕೂವರೆಯ ಕಾಫಿ ಆದ ತಕ್ಷಣ ತೆಗೆಯಿರಿ. ಬೆಳಿಗ್ಗೆಯೇ ಎಲ್ಲರಿಗೂ ಹೇಳಿಟ್ಟಿರಿ. ಸೀರೆ ಬದಲಿಸಿ ಬರುತ್ತೇನೆ ಅಂದರೆ ಬದಲಿಸಲಿ ಬಿಡಿ, ಇದು ಅವರ ಫೋಟೋ ಕೂಡ.

ಬಿಸಿಲಿಗೆ ಎದುರಾಗಿ ನಿಲ್ಲಿಸಿದರೆ ಎಲ್ಲರ ಕಣ್ಣೂ ಮುಚ್ಚುತ್ತದೆ. ಜಗುಲಿಯ ಅಂಚು, ಮಾಡಿನ ನೆರಳು ಒಳ್ಳೆಯದು. ಎದುರಿನ ಅಂಗಳದಿಂದ ಬೆಳಕು ಮುಖಕ್ಕೆ ಬೀಳುತ್ತದೆ. ಹಿರಿಯರು ಮೊದಲು ಕುರ್ಚಿಯಲ್ಲಿ ಕೂರಲಿ. ಎತ್ತರದವರು ಹಿಂದೆ ಜಗುಲಿ ಮೇಲೆ. ಮಕ್ಕಳನ್ನು ಕೊನೆಗೆ ಕರೆಯಿರಿ, ಅವರ ತಾಳ್ಮೆ ಎರಡು ನಿಮಿಷ. ಮೊಬೈಲಿನ ವೈಡ್ ಲೆನ್ಸ್ ಅಂಚಿನಲ್ಲಿರುವವರನ್ನು ಎಳೆದು ದಪ್ಪ ಮಾಡುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ 1ಎಕ್ಸ್‌ನಲ್ಲೇ ತೆಗೆಯಿರಿ, ಅಜ್ಜಿ ನಡುವೆ ಇರಲಿ. ಕ್ಯಾಮೆರಾದಲ್ಲಿ ಎರಡು ಸಾಲಿಗೆ ಎಫ್ 5.6 ಅಥವಾ 8.

ಅಕ್ಕಿ ಚೀಲವನ್ನು ಎದೆಮಟ್ಟದ ಸ್ಟೂಲಿನ ಮೇಲಿಟ್ಟು 10 ಸೆಕೆಂಡ್ ಟೈಮರ್ ಹಾಕಿ ನೀವೂ ಓಡಿ ಹೋಗಿ ಸೇರಿಕೊಳ್ಳಿ. ಐದಾರು ಸಲ ತೆಗೆಯಿರಿ. "ಮುಗಿಯಿತು" ಅಂದ ಮೇಲೆ ಇನ್ನೊಂದು ಸಲ ಒತ್ತಿ. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಮಾತಾಡುವ ಆ ಫೋಟೋನೇ ಹೆಚ್ಚಿನ ಸಲ ಚೆನ್ನಾಗಿರುತ್ತದೆ.

9. ರಾತ್ರಿ

ಅಡಿಕೆ ಸುಲಿಯುವ ಜಾಗದಲ್ಲಿ ಒಂದೇ ಬಲ್ಬು, ಸುತ್ತ ಕತ್ತಲೆ, ಮೆಟ್ಟುಗತ್ತಿಯ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಮೇಲೆ ಕೈ. ಯಂತ್ರ ಬಂದ ಮನೆಗಳಲ್ಲಿ ಸುಲಿಯುವವರ ಈ ಸಾಲು ಕರಗುತ್ತಿದೆ. ಬಲ್ಬಿಗೆ ಪಕ್ಕದಲ್ಲಿ ಕೂತು ತೆಗೆಯಿರಿ, ಮುಖದ ಒಂದು ಬದಿ ಬೆಳಗಿರಲಿ. ಇಲ್ಲಿ ಫೋಟೋ ಜೊತೆಗೆ ಎರಡು ನಿಮಿಷದ ವೀಡಿಯೋನೂ ಮಾಡಿ. ಇಲ್ಲಿ ನಡೆಯುವ ಮಾತು, ಕತೆ ಫೋಟೋಗೆ ಬರುವುದಿಲ್ಲ.

ಒಲೆ ಮುಂದೆ ಕೂತವರನ್ನು ತೆಗೆಯುವಾಗ ಬೆಳಕಿನ ಅಳತೆ ಮುಖದ್ದು ಇರಲಿ, ಬೆಂಕಿಯದಲ್ಲ. ವೈಟ್ ಬ್ಯಾಲೆನ್ಸ್ ಬಿಸಿಲಿನ ಗುರುತಿನಲ್ಲೇ ಇದ್ದರೆ ಕೆಂಪು ಉಳಿಯುತ್ತದೆ. ಕೊಟ್ಟಿಗೆಗೆ ಹೋದರೆ ಫ್ಲ್ಯಾಶ್ ಹಾಕಬೇಡಿ, ದನ ಬೆದರುತ್ತದೆ.

ಅಂಗಳದ ದೀಪ ಆರಿಸಿದರೆ ಪೂರ್ವದಲ್ಲಿ ಮಹಾವ್ಯಾಧ ನಕ್ಷತ್ರಪುಂಜ (ಓರಿಯನ್) ಏರುತ್ತಿರುತ್ತದೆ. ಮೊಬೈಲನ್ನು ಅಕ್ಕಿ ಚೀಲದ ಮೇಲಿಟ್ಟು ನೈಟ್ ಮೋಡ್, 3 ಸೆಕೆಂಡ್ ಟೈಮರ್. ಹಂಚಿನ ಮಾಡಿನ ಅಂಚೂ ಚೌಕಟ್ಟಿನಲ್ಲಿರಲಿ.

10. ಹೊರಡುವ ಮೊದಲು, ಹೊರಟ ಮೇಲೆ

ದಿನಾ ರಾತ್ರಿ ಹತ್ತು ನಿಮಿಷ ಕೂತು ಕೆಟ್ಟವನ್ನು ಅಳಿಸಿ. ಮೊದಲ ಚೀಟಿ ತೆಗೆದು ಯಾರ ಹೆಸರಿಗೆ ಇನ್ನೂ ಫೋಟೋ ಇಲ್ಲ ನೋಡಿ. ಊರಿನ ನೆಟ್‌ವರ್ಕಿನಲ್ಲಿ ಕ್ಲೌಡಿಗೆ ಏರಿಸುವುದು ಆಗದ ಮಾತು. ಮೊಬೈಲಿಗೆ ನೇರ ಸಿಕ್ಕಿಸುವ ಒಂದು ಓಟಿಜಿ ಪೆನ್‌ಡ್ರೈವಿಗೆ ಹಾಕಿ, ಬೆಂಗಳೂರಿಗೆ ಬಂದ ಮೇಲೆ ಉಳಿದದ್ದು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಆಮೇಲೆ ಇಪ್ಪತ್ತು ಫೋಟೋ ಆರಿಸಿ ಪ್ರಿಂಟ್ ಹಾಕಿಸಿ. 4×6 ಅಳತೆಗೆ 1200×1800 ಪಿಕ್ಸೆಲ್ ಸಾಕು. ಈಗಿನ 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೋ 8×12ಕ್ಕೂ ಚೆನ್ನಾಗಿ ಬರುತ್ತದೆ. ಹಿಂದೆ ಪೆನ್ಸಿಲಿನಲ್ಲಿ ಹೆಸರು, ಜಾಗ, ವರ್ಷ ಬರೆಯಿರಿ. ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಕೊಡಲು ಹೇಳಿ. ನಮ್ಮ ಮಳೆಗಾಲದಲ್ಲಿ ಫೋಟೋ ಗಾಜಿಗೆ ಅಂಟಿಕೊಂಡುಬಿಡುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಹೊರಗೋಡೆ ತೇವ ಹಿಡಿಯುವುದರಿಂದ ಒಳಗೋಡೆಗೆ ನೇತುಹಾಕಿ. ಕ್ಯಾಮೆರಾ ಊರಲ್ಲೇ ಬಿಟ್ಟು ಬರುವುದಾದರೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಲೆನ್ಸ್ ಒಳಗೆ ಬೂಷ್ಟು ಬಂದಿರುತ್ತದೆ.

ಪ್ರಿಂಟುಗಳನ್ನು ಯುಗಾದಿಗೆ ಊರಿಗೆ ಹೋಗುವಾಗ ತಗೊಂಡು ಹೋಗಿ. ಕೊನೆಗೌಡರದನ್ನೂ ಮರೆಯಬೇಡಿ.